ಮೀಟರು ಜಾಸ್ತಿ ಬರುವ ತಂತಿ

ಮಲೆನಾಡು ಗಿಡ್ಡ ದನಕ್ಕೆ ಓದು ಬರಹ ಬಾರದು. ಆದರೂ ತಂತಿಯ ಗುಣಮಟ್ಟ ಅಳೆಯುವುದರಲ್ಲಿ ಅದನ್ನು ಮೀರಿಸುವ ಎಂಜಿನಿಯರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹೆಚ್ಚುಕಡಿಮೆ ಮೂರಡಿ ಎತ್ತರದ ಈ ಪ್ರಾಣಿ ಹೊಸ ಬೇಲಿಯ ಮುಂದೆ ಬಂದು ನಿಲ್ಲುತ್ತದೆ. ಮೂಗಿನ ಹೊಳ್ಳೆಗೆ ಒಮ್ಮೆ ನಾಲಿಗೆ ಹಾಕಿಕೊಂಡು, ಕೆಳಗಿನಿಂದ ಎರಡನೇ ಎಳೆಯನ್ನು ಕುತ್ತಿಗೆಯಿಂದ ಮೆಲ್ಲಗೆ ನೂಕಿ ನೋಡುತ್ತದೆ. ತಂತಿ ತಿರುಗಿ ನೂಕಿದರೆ ಮುಂದಿನ ತೋಟ. 'ಬಾರವ್ವ' ಎಂದು ಬಾಗಿದರೆ ಇದೇ ತೋಟ. ಪರೀಕ್ಷೆಗೆ ಶುಲ್ಕವಿಲ್ಲ. ವರದಿ ಮಾತ್ರ ಬೆಳಗಾಗುವುದರೊಳಗೆ ಬಸಳೆ ಚಪ್ಪರದ ಬುಡದಲ್ಲಿ ಸಗಣಿಯ ರೂಪದಲ್ಲಿ ಸಲ್ಲಿಕೆಯಾಗಿರುತ್ತದೆ.

ಇಂಥ ತುಡುಗು ದನದ ಯಜಮಾನನ ಹತ್ತಿರ ದೂರು ತೆಗೆದುಕೊಂಡು ಹೋಗಿ ನೋಡಿ. "ಅಲ್ಲ ಮಾರಾಯ್ರೆ, ಗಟ್ಟಿ ಬೇಲಿ ಇದ್ದಲ್ಲಿ ನಮ್ಮ ಗೌರಿ ತಲೆ ಎತ್ತಿಯೂ ನೋಡೂದಿಲ್ಲ. ನಿಮ್ಮದು ಬೇಲಿ ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ?" ಎನ್ನುತ್ತಾನೆ. ದೂರು ಹೇಳಲು ಹೋದವನೇ ಒಂದು ಲೋಟ ಕಾಫಿ ಕುಡಿದು ಕ್ಷಮೆ ಕೇಳಿ ಬರಬೇಕಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಹಿಂದಿನವರು ಗೋಳಾಡಿದರು. ಅವರ ಕಾಲದ ಬೇಲಿಗೆ ಏಳುವ ತ್ರಾಣವಾದರೂ ಇತ್ತು. ಈಗಿನದು ಎರಡನೇ ಮಳೆಗಾಲಕ್ಕೆ ಮಲಗಿದ್ದು ಮತ್ತೆ ಏಳುವ ಮನಸ್ಸೇ ಮಾಡುವುದಿಲ್ಲ.

ಇದಕ್ಕೆಲ್ಲ ಯಾರು ಕಾರಣ ಎಂದರೆ ಊರಿಗೆ ಊರೇ ಹಾರ್ಡ್‌ವೇರ್ ಅಂಗಡಿಯ ಕಡೆ ಬೆರಳು ತೋರಿಸುತ್ತದೆ. ತಂತಿ ಮಾಡುವವರು ಕಳ್ಳರು, ಮಾರುವವರು ಅವರ ಭಾವಮೈದುನರು. ಆದರೆ ಅಂಗಡಿ ಕಟ್ಟೆಯ ಮೇಲೆ ಕೂತು ಈ ವ್ಯಾಪಾರವನ್ನು ಕಿವಿಗೊಟ್ಟು ಕೇಳಿದವರಿಗೆ ಅಷ್ಟು ಸುಲಭವಾಗಿ ತೀರ್ಪು ಕೊಡಲು ಆಗುವುದಿಲ್ಲ.

"ಮುಳ್ಳುತಂತಿ ಹ್ಯಾಗೆ ಸಾವ್ಕಾರ್ರೆ?"

"ಯಾವ್ದು ಕೊಡ್ಲಿ ಗೌಡ್ರೆ? ಹನ್ನೆರಡು ಗೇಜಾ, ಹದಿನಾಲ್ಕಾ?"

"ಹದಿನಾಲ್ಕೇ ಇರ್ಲಿ. ಬೇಲಿ ವಿಷಯದಲ್ಲಿ ಕಂಜೂಸಿ ಮಾಡೋನಲ್ಲ ನಾನು."

ಸಾವ್ಕಾರರು ಮುಖದ ಒಂದು ಗೆರೆಯೂ ಅಲುಗದಂತೆ "ಹೌದೌದು" ಎನ್ನುತ್ತಾರೆ. ಗೇಜಿನ ಲೆಕ್ಕವೇ ಉಲ್ಟಾ ಎಂದು ಹೇಳಿ ಗಿರಾಕಿಯ ಮರ್ಯಾದೆ ಕಳೆಯುವುದುಂಟೇ? ಹತ್ತು ಗೇಜಿನ ತಂತಿ 3.25 ಮಿಲಿಮೀಟರ್ ದಪ್ಪ, ಹನ್ನೆರಡರದ್ದು 2.64, ಹದಿನಾಲ್ಕರದ್ದು 2.03. ಹದಿನಾರಕ್ಕೆ ಹೋದರೆ 1.63, ಅದರಲ್ಲಿ ಬೇಲಿ ಕಟ್ಟುವುದಕ್ಕಿಂತ ಲುಂಗಿ ಒಣಗಿಸುವುದು ಕ್ಷೇಮ. ಅಂಕಿ ಏರಿದಂತೆ ತಂತಿ ಬಡವಾಗುತ್ತದೆ. ವಯಸ್ಸು, ಸಂಬಳ, ಅಡಿಕೆ ಧಾರಣೆ ಎಲ್ಲದರಲ್ಲೂ ಮೇಲಕ್ಕೆ ಹೋದದ್ದೇ ದೊಡ್ಡದು ಎಂದುಕೊಂಡು ಬೆಳೆದ ನಮಗೆ ಇದೊಂದು ಪರೀಕ್ಷೆಯೇ ಸರಿ.

ಗೇಜಿನ ಮಾತು ಮುಗಿದ ಮೇಲೆ ಬರುತ್ತದೆ ತಂತಿ ವ್ಯಾಪಾರದ ಬ್ರಹ್ಮಪ್ರಶ್ನೆ: "ಕೆಜಿಗೆ ಎಷ್ಟು ಮೀಟರ್ ಬರ್ತದೆ?"

ತಂತಿ ಮಾರುವುದು ತೂಕದ ಲೆಕ್ಕದಲ್ಲಿ, ಬೇಲಿ ಕಟ್ಟುವುದು ಉದ್ದದ ಲೆಕ್ಕದಲ್ಲಿ. ಆಟವಿರುವುದೆಲ್ಲ ಈ ಎರಡರ ನಡುವೆ. ಒಂದು ಅಂಗಡಿಯಲ್ಲಿ ಕೆಜಿಗೆ ಏಳೆಂಟು ಮೀಟರ್ ಎಂದರೆ ಗಿರಾಕಿ ಮುಖ ಹುಳ್ಳಗೆ ಮಾಡುತ್ತಾನೆ. ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಹತ್ತು ಬರುತ್ತದಂತೆ. ಅದರಾಚೆ ಇನ್ನೊಂದರಲ್ಲಿ ಹನ್ನೆರಡು. ಕಬ್ಬಿಣದ ಧಾರಣೆ ಒಂದೇ, ತೂಕ ಒಂದೇ, ಮೀಟರ್ ಮಾತ್ರ ಅಂಗಡಿಯಿಂದ ಅಂಗಡಿಗೆ ಬೆಳೆಯುತ್ತಾ ಹೋಗುತ್ತದೆ! ಆ ಹೆಚ್ಚಿನ ಮೀಟರು ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ದಾನಶೂರ ಕರ್ಣ ತಂತಿಯ ಫ್ಯಾಕ್ಟರಿ ಇಟ್ಟಿದ್ದಾನೆ ಎಂದೇ ನಮ್ಮ ನಂಬಿಕೆ. ತೆಳ್ಳಗೆ ಎಳೆದಷ್ಟೂ ಉದ್ದ ಬರುತ್ತದೆ, ಉದ್ದ ಬಂದಷ್ಟೂ ನಾವು ಹಿಗ್ಗುತ್ತೇವೆ. ನಾವು ಹಿಗ್ಗುವುದನ್ನು ಕಂಡ ಫ್ಯಾಕ್ಟರಿಯವನು ಇನ್ನೊಂದಿಷ್ಟು ಎಳೆಯುತ್ತಾನೆ. ದಪ್ಪ ತಂತಿ ತರಿಸಿಟ್ಟ ಅಂಗಡಿಯವನ ಸರಕು ಮೂಲೆಯಲ್ಲಿ ಕೂತೇ ಇರುತ್ತದೆ. ಕಳಪೆ ತಂತಿಯನ್ನು ನಮ್ಮ ಮೇಲೆ ಯಾರೂ ಹೇರಲಿಲ್ಲ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಾವೇ ಆರ್ಡರು ಕೊಟ್ಟು ಮಾಡಿಸುತ್ತಿದ್ದೇವೆ.

ಲೆಕ್ಕ ಹಾಕಿಯೇಬಿಡೋಣ. ಮುಳ್ಳುತಂತಿಯಲ್ಲಿ ಹೊಸೆದ ಎಳೆ ಎರಡು. ಮುಳ್ಳಿನ ತೂಕ ಬದಿಗಿಟ್ಟರೆ, ಹನ್ನೆರಡು ಗೇಜಿನ ಎರಡು ಎಳೆ ಮೀಟರಿಗೆ ಸುಮಾರು 86 ಗ್ರಾಂ ತೂಗುತ್ತವೆ. ಹದಿನಾಲ್ಕರವು 51 ಗ್ರಾಂ. ಚೌಕಾಕಾರದ ಒಂದು ಎಕರೆಗೆ ಸುತ್ತಳತೆ 254 ಮೀಟರ್. (ಚೌಕಾಕಾರದ ಎಕರೆ ಮಲೆನಾಡಿನಲ್ಲಿ ಎಲ್ಲಿದೆ ಎಂದು ಕೇಳಬೇಡಿ. ಇಲ್ಲಿಯ ತೋಟಗಳೆಲ್ಲ ಹಳ್ಳ ಹರಿದ ಹಾಗೆ, ದಾಯಾದಿಗಳು ಒಪ್ಪಿದ ಹಾಗೆ ಇರುತ್ತವೆ. ಸುತ್ತಳತೆ ಇನ್ನೂ ಹೆಚ್ಚು.) ಐದು ಎಳೆ ಬಿಗಿದರೆ 1270 ಮೀಟರ್. ಹನ್ನೆರಡು ಗೇಜಾದರೆ ಎಳೆಗೆ ಬೇಕಾದ ಕಬ್ಬಿಣ 109 ಕೆಜಿ, ಹದಿನಾಲ್ಕಾದರೆ 65. ಉಳಿದದ್ದು 44 ಕೆಜಿ. ಆ ಉಳಿತಾಯದ ಸಂತೋಷದಲ್ಲಿ ಗೌಡರು ಪೇಟೆಯಲ್ಲೇ ಮಸಾಲೆ ದೋಸೆ ತಿಂದು, ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋಗುತ್ತಾರೆ. ತಂತಿ ಎಷ್ಟು ಭಾರ ತಡೆದೀತು ಎನ್ನುವುದು ಅದರಲ್ಲಿರುವ ಕಬ್ಬಿಣದ ಮೇಲೆ ತಾನೇ? ತಾಕತ್ತೂ ಅದೇ ಲೆಕ್ಕದಲ್ಲಿ ನೂರಕ್ಕೆ ನಲವತ್ತು ಇಳಿದಿರುತ್ತದೆ. ಅದು ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಇನ್ನು ಕಲ್ಲುಕಂಬದ ಕಥೆ. ಬಯಲುಸೀಮೆಯ ಕ್ವಾರಿಯಿಂದ ಲಾರಿಯಲ್ಲಿ ಬಂದಿಳಿದ ಗ್ರಾನೈಟು ಕಂಬ ಮೊಮ್ಮಕ್ಕಳು ಪಾಲು ಮಾಡಿಕೊಳ್ಳುವವರೆಗೂ ನಿಲ್ಲುತ್ತದೆ. ಹತ್ತಡಿಗೊಂದರಂತೆ ಒಂದು ಎಕರೆಗೆ ಎಂಬತ್ತು ಚಿಲ್ಲರೆ ಕಂಬ. ಒಂದೊಂದಕ್ಕೂ ಜಂಬಿಟ್ಟಿಗೆಯಲ್ಲಿ ಹಾರೆ ಹಾಕಿ ಗುಂಡಿ ತೆಗೆಯಬೇಕು. ಆಳಿನ ಸಂಬಳ, ಲಾರಿ ಬಾಡಿಗೆ, ಮಧ್ಯಾಹ್ನದ ಊಟ, ಎರಡು ಹೊತ್ತಿನ ಟೀ, ವೀಳ್ಯದೆಲೆ ಯಾವುದೂ ತಂತಿಯ ಗೇಜು ನೋಡಿ ಕಡಿಮೆಯಾಗುವುದಿಲ್ಲ. ಆ ಕಂಬಗಳಿಗೆ ಮುಂದಿನ ಪಂಚಾಯಿತಿ ಚುನಾವಣೆಯವರೆಗೂ ಬಾಳದ ತಂತಿ ಸುತ್ತಿದರೆ, ಊರ ಗುಡ್ಡದಲ್ಲಿ ವೀರಗಲ್ಲುಗಳ ಮೆರವಣಿಗೆ ನಿಂತಿದೆ ಎಂದು ಹೊಸಬರು ಕೈಮುಗಿದು ಹೋಗುತ್ತಾರೆ.

ಈ ಮುಳ್ಳುತಂತಿ ಎಂಬ ವಸ್ತು ಹುಟ್ಟಿದ್ದು ಅಮೆರಿಕದಲ್ಲಿ. ಇಲಿನಾಯ್ಸ್ ಸೀಮೆಯ ಡಿಕಾಲ್ಬ್ ಎಂಬ ಊರಿನ ಜೋಸೆಫ್ ಗ್ಲಿಡನ್ ಎಂಬ ರೈತನಿಗೆ 1874ರ ನವೆಂಬರಿನಲ್ಲಿ ಇದರ ಪೇಟೆಂಟ್ ಸಿಕ್ಕಿತು. ಮರವಿಲ್ಲದ ಆ ಬಯಲಿನಲ್ಲಿ ದನ ತಡೆಯುವ ಬೇಲಿ ಕಟ್ಟುವುದೇ ಕಷ್ಟವಾಗಿತ್ತು. ಮೊದಲ ಮುಳ್ಳುಗಳನ್ನು ಆತ ತಿರುಚಿದ್ದು ಕಾಫಿ ಬೀಜ ಪುಡಿ ಮಾಡುವ ಯಂತ್ರದಲ್ಲಂತೆ. ಕಾಫಿ ತೋಟದವರು ಇದನ್ನು ಓದಿ ಎದೆಯುಬ್ಬಿಸಬಹುದು. ತಂತಿಗೆ ಮುಳ್ಳು ಸಿಕ್ಕಿಸುವ ಯೋಚನೆ ಅವನಿಗಿಂತ ಮೊದಲೇ ಬೇರೆಯವರಿಗೂ ಹೊಳೆದಿತ್ತು. ಆದರೆ ಆ ಮುಳ್ಳು ತಂತಿಯುದ್ದಕ್ಕೂ ಜಾರಾಡುತ್ತಿತ್ತು. ಗ್ಲಿಡನ್ ಇನ್ನೊಂದು ಎಳೆ ತಂದು ಮೊದಲನೆಯದರ ಜೊತೆ ಹೊಸೆದು, ಮುಳ್ಳನ್ನು ಇದ್ದಲ್ಲೇ ಬಿಗಿ ಹಿಡಿಸಿದ. ಪೇಟೆಂಟಿನ ತಿರುಳೇ ಅದು. ಅದರ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆದು, 1892ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೇ ಗ್ಲಿಡನ್ ಪೇಟೆಂಟಿನ ಪರ ತೀರ್ಪು ಕೊಡಬೇಕಾಯಿತು. ಈಗ ನಮ್ಮ ಅಗ್ಗದ ಸುರುಳಿಯೊಂದನ್ನು ಬಿಚ್ಚಿ, ಮುಳ್ಳನ್ನು ಹೆಬ್ಬೆರಳಲ್ಲಿ ನೂಕಿ ನೋಡಿ. ಸಲೀಸಾಗಿ ಒಂದು ಗೇಣು ಸರಿಯುತ್ತದೆ. ಎರಡು ದನ ಮೈ ಉಜ್ಜಿಕೊಂಡು ಹೋದರೆ ಹತ್ತಡಿಯ ಮುಳ್ಳೆಲ್ಲ ಕಂಬದ ಪಕ್ಕ ಬಂದು ಸಭೆ ಸೇರಿರುತ್ತವೆ. ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದದ್ದನ್ನು ನಾವು ಕೆಜಿಗೆ ಎರಡು ಮೀಟರ್ ಹೆಚ್ಚಿನ ಆಸೆಗೆ ಸೋತು ಬಂದಿದ್ದೇವೆ.

ಆ ಕಾಲದಲ್ಲಿ ತಂತಿ ಮಾರುವವರಿಗೆ ಧೈರ್ಯವಿತ್ತು. ಜಾನ್ ಗೇಟ್ಸ್ ಎಂಬ ವ್ಯಾಪಾರಿ 1876ರಲ್ಲಿ ಟೆಕ್ಸಸಿನ ಸ್ಯಾನ್ ಆಂಟೋನಿಯೊ ಪೇಟೆಯ ನಡುವೆಯೇ ಮುಳ್ಳುತಂತಿಯ ದೊಡ್ಡಿ ಕಟ್ಟಿ, ಉದ್ದ ಕೊಂಬಿನ ದನಗಳನ್ನು ಒಳಗೆ ಬಿಟ್ಟು, ತಾಕತ್ತಿದ್ದರೆ ಹೊರಗೆ ಬರಲಿ ಎಂದು ಜನರ ಮುಂದೆ ಸವಾಲು ಹಾಕಿದ ಎಂಬ ಕಥೆಯಿದೆ. ನಮ್ಮಲ್ಲಿ ಯಾವ ಅಂಗಡಿಯವರು ಇಂಥ ಸವಾಲು ಹಾಕುತ್ತಾರೆ? "ನಮ್ಮ ಭಾವನ ತೋಟಕ್ಕೆ ಇದೇ ಹಾಕಿದ್ದು, ಹೋಗಿ ನೋಡಿ" ಎನ್ನುತ್ತಾರೆ. ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ. ಮುಳ್ಳುತಂತಿಗೆಂದೇ ಐಎಸ್ 278 ಎಂಬ ಭಾರತೀಯ ಮಾನದಂಡವಿದೆ. ಎಳೆ ಎಷ್ಟು ದಪ್ಪ, ಮುಳ್ಳು ಎಷ್ಟು ದೂರಕ್ಕೊಂದು, ಸತುವಿನ ಲೇಪ ಎಷ್ಟು ಎಂದೆಲ್ಲ ಅದರಲ್ಲಿ ಬರೆದಿದೆ. ಸುರುಳಿಗೆ ಆ ಮಾನದಂಡದ ಮುದ್ರೆಯ ಚೀಟಿ ಇದೆಯೇ ಎಂದು ಕೇಳಿದರೆ, "ಅದೇ ಥರದ್ದು ಗೌಡ್ರೆ" ಎಂಬ ಉತ್ತರ ಬರುತ್ತದೆ. ನನ್ನ ಸಲಹೆಯೆಂದರೆ ಪ್ರತಿ ಅಂಗಡಿಯ ಮುಂದೆ ಒಂದು ಗಿಡ್ಡ ದನ ಕಟ್ಟಬೇಕು. ಸರ್ಕಾರ ಬೇಕಾದರೆ ಹಿಂಡಿಗೆ ಸಹಾಯಧನ ಕೊಡಲಿ.

ದಪ್ಪದ ವಿಷಯ ಹೀಗಾದರೆ, ಹೊಳಪಿನ ವಿಷಯ ಇನ್ನೊಂದು ಬಗೆ. ಕಬ್ಬಿಣದ ತಂತಿಯ ಮೇಲೆ ಸತು ಬಳಿಯುವುದು ಚಂದಕ್ಕಲ್ಲ. ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಕಾಯುತ್ತದೆ. ಅದು ಇರುವಷ್ಟು ಕಾಲ ತುಕ್ಕು ಹೊರಗೇ ಕಾಯಬೇಕು. ಒಳ್ಳೆಯ ತಂತಿಯಲ್ಲಿ ಚದರ ಮೀಟರಿಗೆ 250 ಗ್ರಾಂ ಆಸುಪಾಸಿನ ಸತು ಇರುತ್ತದೆ. ಎಂದರೆ ಸುಮಾರು 35 ಮೈಕ್ರಾನ್ ದಪ್ಪ, ತಲೆಗೂದಲಿನ ಅರ್ಧದಷ್ಟು. ಅಗ್ಗದ ತಂತಿಯಲ್ಲಿ 40 ಗ್ರಾಂ ಇದ್ದರೂ ಪುಣ್ಯ. ಆದರೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತರೆ ಎರಡೂ ಬೆಳ್ಳಗೇ. ಕೆಲವು ಸಲ ಬಡವನದೇ ಹೆಚ್ಚು ಮಿಂಚು. ಕಾದ ಸತುವಿನಲ್ಲಿ ಅದ್ದಿ ತೆಗೆದದ್ದು ಸ್ವಲ್ಪ ಮಂಕಾಗಿ ಕಾಣುತ್ತದೆ. ವಿದ್ಯುತ್ತಿನಿಂದ ತೆಳ್ಳಗೆ ಹತ್ತಿಸಿದ್ದು ನುಣ್ಣಗೆ ಹೊಳೆಯುತ್ತದೆ. ಮದುಮಗನನ್ನು ಆರಿಸುವಾಗಲೂ ಬೇಲಿ ತಂತಿಯನ್ನು ಆರಿಸುವಾಗಲೂ ನಮ್ಮವರಿಗೆ ಬಣ್ಣದ ಹುಚ್ಚು ತುಸು ಹೆಚ್ಚು. ಇನ್ನು ತುಕ್ಕು ಹಿಡಿದ ಹಳೇ ಸರಕಿಗೆ ಸಿಲ್ವರ್ ಪೇಂಟು ಬಳಿದು ಕೂರಿಸಿದ ಸುರುಳಿಯಾದರೆ ಉಗುರಲ್ಲಿ ಕೆರೆದರೆ ಸಾಕು, ವೇಷ ಕಳಚುತ್ತದೆ.

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಹೊಡೆಯುವ ಆಗುಂಬೆಯ ಸುತ್ತಮುತ್ತ ಈ ನಲವತ್ತು ಗ್ರಾಂ ಸತು ಏನು ಮಾಡೀತು? ಕಾರ್ತಿಕದಲ್ಲಿ ಕಟ್ಟಿದ ಬೇಲಿ ಮರುವರ್ಷದ ನವರಾತ್ರಿಗೆ ಕೆಂಪು ಸೀರೆ ಉಟ್ಟು ನಿಂತಿರುತ್ತದೆ.

ತಮಾಷೆಯೆಂದರೆ, ಸತು ಎಷ್ಟಿದೆ ಎಂದು ನೋಡುವ ವಿದ್ಯೆ ಅಡಿಕೆ ಬೆಳೆಗಾರನ ಕೊಟ್ಟಿಗೆಯಲ್ಲೇ ಇದೆ. ಅದರ ಹೆಸರು ಮೈಲುತುತ್ತ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕೊಳೆರೋಗದ ಬೆನ್ನು ಹತ್ತಿ, ಬೋರ್ಡೋ ದ್ರಾವಣವನ್ನು ನಮ್ಮ ತೋಟಗಳಲ್ಲಿ ನೆಲೆಗೊಳಿಸಿದ. ಅಂದಿನಿಂದ ಮಳೆಗಾಲದ ಬಾಗಿಲಿಗೆ ನಾವೆಲ್ಲ ಮೈಲುತುತ್ತ ಕರಗಿಸುವವರೇ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಏನು ಮಾಡುತ್ತೇವೆ? ಹೊಳೆಯುವ ಕತ್ತಿಯ ತುದಿಯನ್ನು ದ್ರಾವಣಕ್ಕೆ ಅದ್ದುತ್ತೇವೆ. ತಾಮ್ರದ ಕೆಂಪು ಹಿಡಿದರೆ ಇನ್ನೊಂದಿಷ್ಟು ಸುಣ್ಣ ಸುರಿಯುತ್ತೇವೆ. ಬರಿಯ ಕಬ್ಬಿಣ ಮೈಲುತುತ್ತಕ್ಕೆ ಸಿಕ್ಕರೆ ಕೆಂಪಾಗುತ್ತದೆ ಎಂಬ ಈ ರಸಾಯನಶಾಸ್ತ್ರ ನಮ್ಮ ತೋಟದ ಆಳಿಗೂ ಗೊತ್ತು. ಪ್ರಯೋಗಾಲಯದವರು ತಂತಿಯ ಲೇಪ ನೋಡುವುದೂ ಇದೇ ವಿದ್ಯೆಯಿಂದಲೇ.

ಸುಣ್ಣ ಹಾಕದೆ, ಒಂದು ಪಾಲು ಮೈಲುತುತ್ತಕ್ಕೆ ಮೂರು ಪಾಲು ನೀರು ಬೆರೆಸಿ, ಗಾಜಿನ ಲೋಟದಲ್ಲಿಡಿ. (ಆ ಲೋಟ ಮತ್ತೆ ಅಡುಗೆಮನೆಗೆ ಹೋಗಕೂಡದು. ಮಕ್ಕಳ ಕೈಗೂ ಸಿಗಕೂಡದು, ಅದು ವಿಷ.) ತಂತಿಯ ಒಂದು ತುಂಡನ್ನು ಎಣ್ಣೆ ಜಿಡ್ಡು ಹೋಗುವಂತೆ ಒರೆಸಿ, ಒಂದು ನಿಮಿಷ ಅದ್ದಿ, ತೆಗೆದು ತೊಳೆದು ಒರೆಸಿ. ಮೊದಲು ಕಪ್ಪು ಬರುತ್ತದೆ, ಒರೆಸಿದರೆ ಹೋಗುತ್ತದೆ. ಅದು ಸತು ಇನ್ನೂ ಇದೆ ಎನ್ನುವುದರ ಗುರುತು. ಮತ್ತೆ ಅದ್ದಿ. ಒರೆಸಿದರೂ ಹೋಗದ ತಾಮ್ರದ ಹೊಳಪು ಬಂತೆಂದರೆ ಲೇಪ ಮುಗಿಯಿತು, ಕಬ್ಬಿಣ ಹೊರಬಿತ್ತು. ದಪ್ಪ ಲೇಪದ ತಂತಿ ಮೂರು ನಾಲ್ಕು ಮುಳುಗು ತಡೆಯುತ್ತದೆ. ಅಗ್ಗದ್ದು ಒಂದನೆಯದಕ್ಕೋ ಎರಡನೆಯದಕ್ಕೋ ನಾಚಿ ಕೆಂಪಾಗುತ್ತದೆ. ಕತ್ತರಿಸಿದ ತುದಿಯ ಒಂದು ಇಂಚನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕತ್ತರಿಸಿದಲ್ಲಿ ಬರಿಯ ಕಬ್ಬಿಣ ಹೊರಬಿದ್ದಿರುತ್ತದೆ. ಅಂಗಡಿಯವರು ಅದನ್ನೇ ಹಿಡಿದು ಜಗಳಕ್ಕೆ ನಿಲ್ಲುತ್ತಾರೆ. ನೀಲಿ ನೀರಿನ ಬಾಟಲಿ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿಯನ್ನು ಕಂಡರೆ ಸಾವ್ಕಾರರ ಮುಖದ ಬಣ್ಣ ಯಾವುದಕ್ಕೆ ತಿರುಗುತ್ತದೆ ಎಂಬುದು ಬೇರೆಯದೇ ಪ್ರಯೋಗ. ಬಾಟಲಿ ಒಯ್ಯಲು ಸಂಕೋಚವಾದರೆ ತಂತಿಯನ್ನು ಅದರ ಮೈಗೇ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ ನೋಡಿ. ಲೇಪ ಹೊಟ್ಟು ಏಳುತ್ತದೆಯೇ, ತಂತಿಯೇ ಮುರಿಯುತ್ತದೆಯೇ ಎಂಬುದು ಅಲ್ಲೇ ತಿಳಿಯುತ್ತದೆ.

ಹೀಗೆಲ್ಲ ನೋಡಿ ತರುವವರು ನೂರಕ್ಕೆ ಇಬ್ಬರು. ಉಳಿದವರ ಅಂಗಳಕ್ಕೆ ತಂದ ಮೇಲೆಯೇ ತಂತಿಯ ಜಾತಕ ಗೊತ್ತಾಗುವುದು, ಅದನ್ನು ಓದುವವನು ಬೇಲಿ ಕಟ್ಟುವ ಆಳು. ಇಕ್ಕಳ ಹಾಕಿ ಒಂದು ತಿರುವು ಕೊಟ್ಟವನೇ, "ಎಲ್ಲಿಂದ ತಂದ್ರಿ ಅಯ್ಯಾ ಇದನ್ನ?" ಎಂದು ಕೇಳುವ ದನಿಯಲ್ಲಿ ಉಳಿದದ್ದೆಲ್ಲ ಇರುತ್ತದೆ. ಸುರುಳಿಯ ನಡುವೆ ತುಂಡು ತುಂಡು ಜೋಡಣೆ. ಹಾರೆ ಮೀಟಿ ಎಳೆದರೆ ಒಂದೋ ಚ್ಯೂಯಿಂಗ್ ಗಮ್ಮಿನಂತೆ ಬರುತ್ತಲೇ ಇರುತ್ತದೆ, ಇಲ್ಲವೇ ಪಟ್ಟೆಂದು ತುಂಡಾಗಿ ಮುಖದ ಮೇಲೆ ಹಾರುತ್ತದೆ. ಎರಡನೆಯದು ತಮಾಷೆಯಲ್ಲ, ಕಣ್ಣು ಹೋದವರಿದ್ದಾರೆ. ಕಳಪೆ ತಂತಿ ಕೈಗೆ ಬಂದಾಯಿತು, ವಾಪಸಾಗುವುದಿಲ್ಲ ಎಂದರೆ, ಅದನ್ನು ವೀಣೆಯಂತೆ ಮೀಟಿ ನೋಡುವ ಆಸೆ ಬಿಡಬೇಕು. ಸಾಧಾರಣ ಬಿಗಿ ಸಾಕು. ಬಿಗಿಯಲ್ಲಿ ಕಳೆದುಕೊಂಡದ್ದನ್ನು ದಬ್ಬೆಯಲ್ಲಿ ಗಳಿಸಿಕೊಳ್ಳಬಹುದು: ಎರಡು ಕಂಬದ ನಡುವೆ ಎರಡು ಮೂರು ಕಡೆ ಅಡಿಕೆ ದಬ್ಬೆಯನ್ನು ನಿಲ್ಲಿಸಿ ಐದೂ ಎಳೆಗೆ ಕಟ್ಟಿದರೆ, ಒಂದು ಎಳೆಯನ್ನು ನೂಕಿದ ದನಕ್ಕೆ ಐದೂ ಎಳೆ ಒಟ್ಟಾಗಿ ಜವಾಬು ಕೊಡುತ್ತವೆ. ಗೌರಿಗೆ ಗೊಂದಲವಾಗಲು ಅಷ್ಟು ಸಾಕು.

ಅದಕ್ಕಿಂತ ಜಾಣತನವೆಂದರೆ, ತಂತಿ ಬಿಗಿದ ಮೊದಲ ಮಳೆಗೇ ಬುಡದಲ್ಲಿ ಗೊಬ್ಬರದ ಗಿಡದ ಗೂಟ, ಲಕ್ಕಿ ಕಡ್ಡಿ, ಹಾಲುವಾಣ ಊರಿಬಿಡುವುದು. ತಂತಿ ಸಾಯುವುದು ಖಚಿತ, ಆದ್ದರಿಂದ ಅದಕ್ಕೊಬ್ಬ ವಾರಸುದಾರ ಬೇಕು. ಎರಡು ಮೂರು ವರ್ಷದಲ್ಲಿ ಗಿಡ ಬೇಲಿಯಾಗುತ್ತದೆ, ಮೇಲಿಂದ ಸೊಪ್ಪು ಕೊಡುತ್ತದೆ. ನಮ್ಮ ಅಜ್ಜಂದಿರಿಗೆ ಗೇಜೂ ಗೊತ್ತಿರಲಿಲ್ಲ, ಸತುವೂ ಗೊತ್ತಿರಲಿಲ್ಲ. ಅಗಳು ತೋಡಿ, ಅದರ ದಂಡೆಯ ಮೇಲೆ ಮುಂಡಿಗೆಯನ್ನೋ ಕತ್ತಾಳೆಯನ್ನೋ ಎಬ್ಬಿಸಿ, ಒಂದು ಕಡೆ ದಣಪೆ ಇಟ್ಟು ಹಾಯಾಗಿ ಮಲಗುತ್ತಿದ್ದರು. ಆ ಬೇಲಿಯನ್ನು ಕಡಿದು ತೆಗೆಯಲು ಮೊಮ್ಮಕ್ಕಳು ಜೇಸಿಬಿ ತರಿಸಿದರು. ಆ ಜಾಗದಲ್ಲಿ ಹದಿನಾಲ್ಕು ಗೇಜಿನ ತಂತಿ ಎಳೆದು 'ಈಗ ನೀಟಾಯ್ತು' ಎಂದರು. ನೀಟಾದದ್ದು ನಿಜ. ಹಂದಿಗೂ ಒಳಗಿನ ಗೆಣಸು ದೂರದಿಂದಲೇ ಚೆನ್ನಾಗಿ ಕಾಣತೊಡಗಿತು.

ಇನ್ನು ಬೇಸಿಗೆಯಲ್ಲಿ ಬೇಲಿ ಬುಡದ ಕಸಕ್ಕೆ ಬೆಂಕಿ ಕೊಡುವವರ ವಿಷಯ. ಸತು ಕರಗಲು 420 ಡಿಗ್ರಿ ಶಾಖ ಸಾಕು. ಒಣಗಿದ ದರಗು ಹತ್ತಿ ಉರಿದರೆ ಅದು ಲೆಕ್ಕವೇ ಅಲ್ಲ. ಐಎಸ್‌ಐ ಮುದ್ರೆಯ ತಂತಿ ತಂದು, ನೀಲಿ ನೀರಿನ ಪರೀಕ್ಷೆ ಮಾಡಿ, ವರ್ಷ ತುಂಬುವುದರೊಳಗೆ ಅದರ ಕೆಳಗೆ ಹೋಳಿ ಸುಡುವ ಮಹನೀಯರನ್ನು ಯಾವ ಮಾನದಂಡಕ್ಕೆ ಸೇರಿಸೋಣ? ಮಂಗಗಳ ಮಾತು ಎತ್ತುವುದಿಲ್ಲ, ಅವಕ್ಕೆ ಬೇಲಿ ಎಂದರೆ ಜೋಕಾಲಿ. ಆನೆಗಳನ್ನು ತಡೆಯಲು ಅರಣ್ಯ ಇಲಾಖೆಯವರು ರೈಲ್ವೆ ಹಳಿಗಳನ್ನೇ ಬೇಲಿಯಾಗಿ ನಿಲ್ಲಿಸಿದ್ದಾರೆ. ಕೆಜಿಗೆ ಎಷ್ಟು ಮೀಟರು ಬಂತೋ, ಅದನ್ನು ಅವರು ಕೇಳಿದಂತಿಲ್ಲ. ಒಂದು ಮಾತು ಮಾತ್ರ ನಗೆಯಿಲ್ಲದೆ: ಸೋತ ತಂತಿಗೆ ಬಲ ತುಂಬಲು ಮನೆಯ ಕರೆಂಟು ಕೊಡುವವರಿದ್ದಾರೆ. ಅದರಿಂದ ಸತ್ತ ಆನೆಗಳಿವೆ, ಮನುಷ್ಯರಿದ್ದಾರೆ, ಜೈಲಿಗೆ ಹೋದವರೂ ಇದ್ದಾರೆ. ಸೋಲಾರ್ ಬೇಲಿಯ ಯಂತ್ರ ಬೇರೆ, ಅದರ ನುಣುಪು ತಂತಿ ಬೇರೆ. ಮುಳ್ಳುತಂತಿಗೆ ಆ ಯಂತ್ರವನ್ನೂ ಜೋಡಿಸುವಂತಿಲ್ಲ.

ಕೊನೆಗೆ ಒಂದು ದಿನ ಬೇಲಿಯ ಉತ್ತರಕ್ರಿಯೆ ಮಾಡಲು ಗುಜರಿಯವನು ಗೂಡ್ಸ್ ಆಟೋದಲ್ಲಿ ಬರುತ್ತಾನೆ. ತುಕ್ಕು ಹಿಡಿದ ಮುಳ್ಳಿನ ಮುದ್ದೆಯನ್ನು ಕೋಲಿನಿಂದ ಎತ್ತಿ ತಕ್ಕಡಿಗೆ ಸಿಕ್ಕಿಸುತ್ತಾನೆ. ಅಂಗಳದಲ್ಲಿ ಅಷ್ಟು ದೊಡ್ಡ ರಾಶಿ, ತಕ್ಕಡಿಯ ಮುಳ್ಳು ಮಾತ್ರ ಎಲ್ಲೋ ಮೇಲೇ ನಿಂತಿರುತ್ತದೆ.

"ಸರಿ ನೋಡೋ, ಎಷ್ಟು ಉದ್ದ ಇದೆ ಅದು! ಇಡೀ ತೋಟ ಸುತ್ತಿದ್ದು."

"ಉದ್ದ ಇದೆ ಗೌಡ್ರೆ. ಉದ್ದಕ್ಕೆ ನಾವು ದುಡ್ಡು ಕೊಡೋದಿಲ್ಲ."

ಗೌಡರು ಅವನನ್ನು ಕಳ್ಳ ಎಂದು ಬೈದು, ತಕ್ಕಡಿ ಸರಿಯಿಲ್ಲ ಎಂದು ಮನೆಯ ಅಡಿಕೆ ತೂಗುವ ಕಾಂಟಾ ತರಿಸುತ್ತಾರೆ. ಅದರಲ್ಲಿ ಇನ್ನೂ ಅರ್ಧ ಕೆಜಿ ಕಡಿಮೆ ಬರುತ್ತದೆ.